ಸಿಪಾಯಿ ಬೆಲ್ಟಿನ ಎರಡು ತುದಿ

ಕಬುಲಾ ಅಕ್ಕಾ,

ನಿನ್ನನ್ನು ಮಣ್ಣು ಮಾಡುವ ಮುಂಚೆ ನಿನ್ನ ಸೊಂಟದಲ್ಲಿ ಎದ್ದಿತ್ತಲ್ಲ, ಊರವರು ಸಿಪಾಯಿ ಬೆಲ್ಟು ಅನ್ನುವ ಆ ಸರ್ಪಸುತ್ತು ಈಗ ನನಗೂ ಎದ್ದಿದೆ. ನಿನ್ನಂತೆ ನನಗೂ ಎಚ್‌ಐವಿ ಇರುವುದು ಆಸ್ಪತ್ರೆಯವರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಆದರೆ ಸರೋವರದ ದಂಡೆಯಲ್ಲಿ ದಗಾ ಮೀನು ಒಣಹಾಕಲು ನಾನು ಬಾಗಿದಾಗ ಪಕ್ಕದ ಮನೆಯ ಶಿಜಾನ ತಾಯಿ ಗುಳ್ಳೆಗಳನ್ನು ನೋಡಿಬಿಟ್ಟಳು.

“ಅಯ್ಯೋ, ಸಿಪಾಯಿ ಬೆಲ್ಟು! ನೀನೂ ಅಕ್ಕನ ದಾರಿ ಹಿಡಿದ್ಯೇನೇ? ಎರಡು ತುದಿ ಕೂಡಿದ್ರೆ ಮುಗೀತು. ಆಸ್ಪತ್ರೆ ಬೇಡ, ಬೂದಿ ಹಚ್ಚು.”

ಅವಳ ಕನಿಕರ ನೋಡಿ ಅನುಮಾನ ಬಂತು, ಆಸ್ಪತ್ರೆಗೇ ಹೋದೆ. ನರ್ಸ್ ಪೆಂಡೊ ನಗುತ್ತ ಮಾತ್ರೆ ಕೊಟ್ಟಾಗ ಅವಳ ಮೇಲೂ ಅನುಮಾನ ಬಂತು.

“ಬೇಗ ಬಂದೆ, ಒಳ್ಳೇದಾಯ್ತು. ಎಚ್‌ಐವಿ ಮಾತ್ರೆನೂ ಬಿಡ್ಬೇಡ. ಈ ಸರ್ಪಸುತ್ತಿಗೆ ಲಸಿಕೆ ಇದೆ, ನಮ್ಮಲ್ಲಿಗಿನ್ನೂ ಬಂದಿಲ್ಲ.”

“ಬಂದಿಲ್ವೋ, ನಮ್ಮಂಥೋರಿಗೆ ಕೊಡಲ್ವೋ?”

“ಬಂದ್ರೆ ಮೊದ್ಲು ನಿಂಗೇ ಚುಚ್ತೀನಿ, ಮಾರಾಯ್ತಿ! ತಿರುಗು. ನೋಡು, ಬೆನ್ನುಮೂಳೆ ಹತ್ರ ನಿಂತಿದೆ. ಈ ಬೆಲ್ಟು ಒಂದೇ ಪಕ್ಕದ್ದು, ತುದಿ ಕೂಡೋದೇ ಇಲ್ಲ.”

ನಂಬಲಿಲ್ಲ. ಮನೆಗೆ ಬಂದು ಬೆನ್ನು ತಡವಿ ನೋಡಿಕೊಂಡೆ. ಅಲ್ಲೇ ನಿಂತಿತ್ತು.

“ತುದಿ ಕೂಡ್ತೇನೇ?” ಎಂದು ನೀನು ದಿನಾ ಕೇಳುತ್ತಿದ್ದೆ. ಅಕ್ಕಾ, ನಿನ್ನ ಗುಳ್ಳೆಗಳ ಉದ್ದಕ್ಕೂ ಬೂದಿ ಹಚ್ಚುವಾಗ ನನ್ನ ಬೆರಳು ಒಮ್ಮೆಯೂ ಬೆನ್ನುಮೂಳೆ ದಾಟಿರಲಿಲ್ಲ.