ಬೆಣ್ಣಿ ಒಡಪು

೧೧-೨-೨೦೨೪, ರವಿವಾರ, ಮುಚ್ಚಂಡಿ

ಇನ್ನೂ ನಗು ಬರುತ್ತಿದೆ. ಪಕ್ಕದ ಮನೆಯ ಬಸುರಿಯ ಕುಬಸದಲ್ಲಿ ಹೆಂಗಸರೆಲ್ಲ ಒಡಪು ಕಟ್ಟಿ ಗಂಡನ ಹೆಸರು ಹೇಳಿದರು. ನನ್ನದು ಮರಾಠಿ ತವರು; ಒಂಬತ್ತು ವರ್ಷದಿಂದ ಅಲ್ಲಿಂದ ತಂದ ಒಂದೇ ಒಡಪನ್ನು ಹೇಳುತ್ತಿದ್ದೆ. ಇಂದು ನಾನು ಬಾಯಿ ತೆರೆಯುವ ಮೊದಲೇ ಎಲ್ಲರೂ ಸೇರಿ ಅದನ್ನು ಹೇಳಿ ಮುಗಿಸಿದರು! ಸಿಟ್ಟು ಬಂತು.

“ಹಂಗಾರ ಕನ್ನಡದಾಗ ಕೇಳ್ರಿ,” ಎಂದೆ. “ಬಿಳಿಜ್ವಾಳದ ರೊಟ್ಟಿಗಿ ಬೆಣ್ಣಿ ಚಲೋ, ದುಂಡಪ್ಪನವರ ಜೋಡಿ ಜಗಳಾನೂ ಚಲೋ.”

ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. “ಯಾರು ಕಲಿಸಿದ್ರವಾ?” ಯಾರೂ ಇಲ್ಲ. ಕನ್ನಡ ತಪ್ಪಾದೀತೆಂಬ ಹಳೆಯ ಭಯ ಇಂದು ಹತ್ತಿರ ಸುಳಿಯಲೇ ಇಲ್ಲ.

ಸುದ್ದಿ ಇವರ ಕಿವಿಗೂ ಬಿದ್ದಿತ್ತು. ಊಟಕ್ಕೆ ಕುಳಿತವರು ಮುಖ ಗಂಭೀರ ಮಾಡಿ, “ಬೆಣ್ಣಿ ಎಲ್ಲೈತಿ?” ಎಂದರು.

“ಬೆಣ್ಣಿ ತೀರೇತ್ರಿ. ಜಗಳ ಐತಿ, ನೀಡ್ಲೇನು?”