ತುಂಬಿದಾಗ ತೆಗೆಯುವುದು

ಪಾಂಡವಪುರ
೧೪ ಆಗಸ್ಟ್ ೨೦೨೪, ರಾತ್ರಿ ಎರಡೂವರೆ

ಪ್ರೀತಿಯ ಚಿನ್ನು ಅಪ್ಪನಿಗೆ,

ಮನೆಯ ಯುಪಿಎಸ್ ಕೂಗಿಗೆ ಎಚ್ಚರವಾಯಿತು. ಕರೆಂಟು ತೆಗೆದಿದ್ದಾರೆ. ಕತ್ತಲಲ್ಲಿ ಅದು ಕೀ ಕೀ ಅನ್ನುವುದನ್ನು ಮಗುವಿನ ಅಳು ಅಂದುಕೊಂಡು ಎದ್ದು ಕೂತೆ. ಚಿನ್ನು ಮಾತ್ರ ಬಾಯಿ ತೆರೆದುಕೊಂಡು ಅಡ್ಡಡ್ಡ ಮಲಗಿದ್ದಾಳೆ. ಉಸಿರು ಬರುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ನೀವಿದ್ದಿದ್ದರೆ ಬೈಯುತ್ತಿದ್ದಿರಿ. ಇನ್ನು ನಿದ್ದೆ ಬರುವುದಿಲ್ಲ. ನಿಮ್ಮ ಮೊಬೈಲಿಗೆ ಕಳಿಸಿದ್ದಕ್ಕೆಲ್ಲ ನಿನ್ನೆಯಿಂದ ಒಂದೇ ಟಿಕ್ಕು ಬೀಳುತ್ತಿದೆ, ಫ್ಯಾಕ್ಟರಿಯ ತಗಡಿನ ಚಾವಣಿಯೊಳಗೆ ಸಿಗ್ನಲ್ ಸಿಗುತ್ತಿಲ್ಲವೇನೋ. ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲಿ ರಾತ್ರಿ ಮೇಲ್ ನೋಡುತ್ತೀರಲ್ಲ, ಅದಕ್ಕೇ ಅಲ್ಲಿಗೆ ಬರೆಯುತ್ತಿದ್ದೇನೆ.

ಹೊಟ್ಟೆ ಉರಿ ಕಡಿಮೆಯಾಯಿತೆ? ಟಾಂಜಾನಿಯಾದ ಆ ಬಿಳಿ ಮುದ್ದೆ ಉಪ್ಸಾರಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹೇಳಿದ್ದಿರಿ. ಕೆ.ಆರ್. ಪೇಟೆಯ ಮಹದೇವಸ್ವಾಮಿಯವರು ನಿಮ್ಮ ರೂಮಿನಲ್ಲೇ ಇದ್ದಾರಲ್ಲ, ಅವರ ಹತ್ತಿರ ಹುರುಳಿಕಾಳು ಇರುತ್ತದೆ, ಕೇಳಿ. ನಾಚಿಕೊಳ್ಳಬೇಡಿ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತೀರೋ ಇಲ್ಲವೋ? ಇಲ್ಲಿ ಅತ್ತೆ ಚೆನ್ನಾಗಿದ್ದಾರೆ. ಮಂಡಿನೋವು ಇದೆ, ಆದರೂ ಹಸುವಿನ ಕೆಲಸ ನನಗೆ ಕೊಡುವುದಿಲ್ಲ. ಚಿನ್ನುವಿಗೆ ಮೇಲಿನ ಎರಡು ಹಲ್ಲು ಬಂದಿವೆ. ಲ್ಯಾಪ್‌ಟಾಪಿನ ಚಾರ್ಜರ್ ವೈರು ಕಚ್ಚಲು ಹೋಗಿ ನನ್ನಿಂದ ಪೆಟ್ಟು ತಿಂದಳು. ಹೊಡೆದ ಮೇಲೆ ಅವಳಿಗಿಂತ ಹೆಚ್ಚು ನಾನೇ ಅತ್ತುಬಿಟ್ಟೆ.

ಡ್ರಾಯಿಂಗ್ ಸಾಫ್ಟ್‌ವೇರ್ ಕಥೆ, ನಿಮ್ಮ ಫ್ಯಾಕ್ಟರಿಯ ವೈರಿಂಗ್ ಹಾಳೆಗಳನ್ನು ನಾನು ಬರೆಯುತ್ತೇನಲ್ಲ ಅದರದು, ನಿಮಗೆ ಪೂರ್ತಿ ಹೇಳೇ ಇಲ್ಲ. ಫೋನಿನಲ್ಲಿ ಸಿಕ್ಕಿದರೆ ಮಗು, ಹಸು, ಅಮ್ಮ ಅನ್ನುವಷ್ಟರಲ್ಲಿ ಲೈನು ಕಟ್ಟಾಗುತ್ತದೆ. ಮೊದಲ ಸಲ ತೆರೆದಾಗ ಯಾವ ಪದ್ಧತಿಯಲ್ಲಿ ಬರೆಯುತ್ತೀರಿ ಎಂದು ಅದು ಕೇಳಿತ್ತು. ಚಿನ್ನು ತೊಡೆಯ ಮೇಲಿದ್ದಳು, ನೋಡದೆ ಮುಂದೆ ಒತ್ತಿಬಿಟ್ಟೆ. ಅದು ಅಮೆರಿಕದ ಚಿಹ್ನೆಗಳನ್ನು ಹಾಕಿಕೊಂಡು ಕೂತಿತು. ಮೂರು ಹಾಳೆ ಬರೆದ ಮೇಲೆ ನಿಮ್ಮ ಇನ್‌ಸ್ಪೆಕ್ಟರು ಅಂತರರಾಷ್ಟ್ರೀಯ ಪದ್ಧತಿಯಲ್ಲೇ ಬೇಕೆಂದು ವಾಪಸು ಕಳಿಸಿದರಲ್ಲ, ಆ ದಿನ ಒಲೆಯ ಮೇಲೆ ಹಾಲು ಉಕ್ಕಿ ಹೋಗುತ್ತಿದ್ದರೂ ಏಳಲಿಲ್ಲ. ಕರೆಂಟನ್ನು ಕೂಡಿಸಿ ಬಿಡಿಸುವ ಕಾಂಟ್ಯಾಕ್ಟು ಅಮೆರಿಕದವರಿಗೆ ಪಕ್ಕಪಕ್ಕ ನಿಂತ ಎರಡು ಗೆರೆ, ನಮ್ಮ ಕಾಲೇಜಿನಲ್ಲಿ ಅದನ್ನೇ ಕೆಪಾಸಿಟರ್ ಎಂದು ಕಲಿಸಿದ್ದರು. ಆ ಕಾಂಟ್ಯಾಕ್ಟನ್ನು ಎಳೆಯುವ ಕಾಯಿಲ್ಲು ಅವರದು ಗುಂಡಗಿದ್ದರೆ ಇವರದು ಚೌಕ. ಎಲ್ಲವನ್ನೂ ಅಳಿಸಿ, ಚಿಹ್ನೆಗಳ ಪೆಟ್ಟಿಗೆ ಬದಲಿಸಿ, ಹೊಸದಾಗಿ ಹೊಂದಿಸಿದೆ. ಆಮೇಲೆ ನೋಡಿದರೆ ಅಳತೆ ಇನ್ನೂ ಇಂಚಿನಲ್ಲೇ ಇತ್ತು. ಗೆರೆಗಳು ಕಣ್ಣಿಗೆ ಕೂಡಿದಂತೆ ಕಾಣುತ್ತವೆ, ದೊಡ್ಡದು ಮಾಡಿ ನೋಡಿದರೆ ನಡುವೆ ಕೂದಲೆಳೆಯಷ್ಟು ಸಂದು. ಪ್ರತಿಯೊಂದು ಗೆರೆಯನ್ನೂ ಮತ್ತೆ ಎಳೆದು ಕೂಡಿಸಿದೆ.

ಪಕ್ಕದ ಮನೆ ಕುಳ್ಳಮ್ಮ ಹಾಲಿನ ಡೈರಿಗೆ ಹೋಗುವಾಗ ಕಿಟಕಿಯಲ್ಲಿ ಇಣುಕಿ, “ಅಲ್ಲ ಕಣಮ್ಮಿ ಹೇಮ, ಬಾಗ್ಲಲ್ಲಿ ನಾಲ್ಕ್ ಎಳೆ ರಂಗೋಲಿ ಬುಡಕ್ಕೆ ಬೇಜಾರು ನಿಂಗೆ, ಆ ಪೆಟ್ಗೆ ಒಳಗೆ ಮಾತ್ರ ದಿನವೆಲ್ಲ ಬುಡ್ತಾ ಕುಂತಿರ್ತೀಯ” ಅಂದರು. ಅತ್ತೆ ಸುಮ್ಮನಿರಲಿಲ್ಲ. “ಅವ್ಳು ಬುಟ್ಟ ರಂಗೋಲಿ ನೋಡ್ಕಂಡೇ ಅಲ್ಲಿ ನನ್ ಮಗ ಪ್ಯಾಕ್ಟ್ರಿ ಓಡ್ಸೋದು, ನಿನ್ ರಂಗೋಲೀಲಿ ಏನ್ ಓಡ್ತದೆ? ಕೋಳಿ ಓಡಾಡ್ತದೆ” ಅಂದುಬಿಟ್ಟರು. ನನಗೆ ನಗು ಬಂತು, ಆದರೆ ಅದನ್ನು ಹೇಳಲು ನೀವು ಇರಲಿಲ್ಲ. ಇಂಥವನ್ನು ಸಂಜೆವರೆಗೆ ಕೂಡಿಟ್ಟುಕೊಂಡಿರುತ್ತೇನೆ. ಸಂಜೆ ಫೋನು ಬರದಿದ್ದರೆ ಅವು ಹಾಗೇ ಹಳಸುತ್ತವೆ. ಅತ್ತೆ ಎಂಟಕ್ಕೇ ಮಲಗುತ್ತಾರೆ. ಆಮೇಲೆ ಈ ಮನೆಯಲ್ಲಿ ಮಾತು ಎಂದರೆ ನಾನು ಚಿನ್ನುವಿಗೆ ಹೇಳುವ ಜೋಜೋ ಒಂದೇ.

ಈ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಆ ತುಂಡು ತುಂಡು ಗೆರೆ. ಕಾಯಿಲ್ಲಿನಿಂದ ಕಾಂಟ್ಯಾಕ್ಟಿಗೆ ಎಳೆಯುತ್ತೇವಲ್ಲ, ಅದು. ಅದರಲ್ಲಿ ಕರೆಂಟು ಹರಿಯುವುದಿಲ್ಲ. ಇದು ಅಲುಗಿದರೆ ಅದೂ ಅಲುಗುತ್ತದೆ ಎಂದಷ್ಟೇ ಅರ್ಥ. ನಿನ್ನೆ ಅಂಥದೊಂದನ್ನು ಎಳೆದು ಬಹಳ ಹೊತ್ತು ನೋಡುತ್ತ ಕೂತಿದ್ದೆ.

ಬೆಳಗಾದರೆ ನಿಮ್ಮ ಬಿಸಿನೀರಿನ ಟ್ಯಾಂಕಿನ ಟ್ರಯಲ್. ಅದೊಂದು ಹಾಳೆಯ ಮೇಲೆ ಮಾತ್ರ ನನ್ನ ಮನಸ್ಸು ಕೂರುತ್ತಿಲ್ಲ. ನೀವು ಕಳಿಸಿದ ವಿಡಿಯೋದಲ್ಲಿ ಟ್ಯಾಂಕಿನ ಕೆಳಗೇ ಓಡಾಡುವ ದಾರಿ ಇತ್ತು, ಕಸ ಗುಡಿಸುವ ಹೆಂಗಸರಿಬ್ಬರು ನಿಮಗೆ ಕೈ ಬೀಸಿ ಹೋದರು. ಅದರಲ್ಲಿರುವುದು ಕುದಿಯುವ ನೀರು. ವೈರು ಹಾಕುವ ಅಲ್ಲಿನವರು ನನ್ನ ಡ್ರಾಯಿಂಗ್ ಬಿಟ್ಟು ಬೇರೇನೂ ನೋಡುವುದಿಲ್ಲ ಅಂದಿದ್ದಿರಿ. ನೀವು ಕಳಿಸಿದ ವಾಯ್ಸ್ ಮೆಸೇಜು ಇನ್ನೂ ಇದೆ: “ಹೇಮ, ಬಿಸ್ನೀರು ಟ್ಯಾಂಕು ತುಂಬ್ತಿದ್ದಂಗೆ ತೆಗ್ದ್‌ಬುಡ್ಬೇಕು, ಅಂಗೆ ಹಾಕು. ಮಿಕ್ಕಿದ್ದು ನಿಂಗೇ ಗೊತ್ತದಲ್ಲ.” ಹಾಗೇ ಹಾಕಿದ್ದೇನೆ. ಟ್ಯಾಂಕು ತುಂಬಿ, ಒಳಗೆ ತೇಲುವ ಫ್ಲೋಟು ಮೇಲೆದ್ದ ತಕ್ಷಣ ಕಾಂಟ್ಯಾಕ್ಟು ಬಿಟ್ಟುಕೊಂಡು ವಾಲ್ವಿಗೆ ಹೋಗುವ ಕರೆಂಟು ತೆಗೆಯುತ್ತದೆ. ಕರೆಂಟು ಹೋದರೆ ವಾಲ್ವು ಮುಚ್ಚಿಕೊಳ್ಳುತ್ತದೆ, ನೀರು ಬರುವುದು ನಿಲ್ಲುತ್ತದೆ. ಮನೆಯ ಸಿಂಟೆಕ್ಸಿನಲ್ಲಿ ಆಗುವುದೂ ಅದೇ ಅಲ್ಲವೆ? ಸರಿಯಾಗಿಯೇ ಇದೆ. ಆದರೂ ರಾತ್ರಿಯೆಲ್ಲ ಆ ಹಾಳೆಯೇ ಕಣ್ಣ ಮುಂದೆ ಬರುತ್ತಿದೆ. ನನಗೆ ಇಂಥ ಹೆದರಿಕೆ ಯಾವಾಗಲೂ ಇದ್ದದ್ದೇ, ಮಗುವಿನ ಮೂಗಿಗೆ ಬೆರಳಿಡುವವಳು ನಾನು. ಟ್ರಯಲ್ ಮುಗಿದ ಮೇಲೆ ‘ಆಯ್ತು’ ಅಂತ ಎರಡಕ್ಷರ ಬರೆದರೆ ಸಾಕು.

ಅತ್ತೆ ನಿಮಗೆ ಹೊಟ್ಟೆ ತುಂಬ ಉಣ್ಣಲು ಹೇಳಿದ್ದಾರೆ. ಶೀಳನೆರೆಯಿಂದ ನನ್ನ ಅಮ್ಮ ನಿಮ್ಮನ್ನು ಕೇಳಿದೆನೆಂದು ತಿಳಿಸು ಅಂದಳು. ಮಹದೇವಸ್ವಾಮಿಯವರಿಗೆ ನಮಸ್ಕಾರ. ಚಿನ್ನು ನಿಮ್ಮ ಫೋಟೋಗೆ ಎಂಜಲು ಹಚ್ಚಿದ್ದಾಳೆ, ಅದನ್ನೇ ಮುತ್ತು ಅಂದುಕೊಳ್ಳಿ.

ನಿಮ್ಮ
ಹೇಮಶ್ರೀ

ಕಳಿಸುವಷ್ಟರಲ್ಲಿ ಇನ್ನೊಂದು: ಈಗ ಹಿತ್ತಲ ದಾರಿಯಲ್ಲಿ ಗಲಾಟೆ ಕೇಳಿತು. ರಾತ್ರಿ ನಾಲೆ ನೀರಿನ ಸರದಿಗೆ ಕಾಯುತ್ತಿದ್ದ ಬೋರಯ್ಯ ಮಾವ ಅಲ್ಲಿಂದಲೇ ಅತ್ತೆಯನ್ನು ಕೂಗಿದರು, “ಸಿದ್ದಲಿಂಗಮ್ಮಕ್ಕೋ, ತೂಬು ತೆಗ್ದವ್ರೆ, ಗದ್ದೆಗೆ ನೀರ್ ಬಂತು, ಏಳಕ್ಕೋ.” ಅತ್ತೆ ಟಾರ್ಚು ಹುಡುಕುತ್ತ, “ತೆಗ್ದ್ರಂತಾ? ಸದ್ಯ” ಅಂದರು. ನಾನು ನಿಮ್ಮ ವಾಯ್ಸ್ ಮೆಸೇಜನ್ನು ಮತ್ತೆ ಕೇಳಿದೆ. ಕರೆಂಟು ತೆಗೆದರೆ ನಿಲ್ಲುತ್ತದೆ, ತೂಬು ತೆಗೆದರೆ ಹರಿಯುತ್ತದೆ. ನೀವು ಗದ್ದೆಯವರು. ತೆಗೆಯಬೇಕು ಅಂದದ್ದು ಕರೆಂಟನ್ನಲ್ಲ, ವಾಲ್ವನ್ನು. ಆ ವಿಡಿಯೋ ಮತ್ತೆ ಹಾಕಿ ನೋಡಿದೆ. ವಾಲ್ವು ಇರುವುದು ನೀರು ಒಳಗೆ ಬರುವ ಪೈಪಿನಲ್ಲಲ್ಲ, ಟ್ಯಾಂಕಿನ ತಳದಲ್ಲಿ. ತುಂಬಿದಾಗ ನೀರನ್ನು ಹೊರಗೆ ಬಿಡಲು ಇಟ್ಟಿರುವುದು ಅದು. ನಾನು ಬರೆದ ಹಾಗೆ ವೈರು ಹಾಕಿದ್ದರೆ ಟ್ಯಾಂಕು ತುಂಬುವ ಹೊತ್ತಿಗೆ ಸರಿಯಾಗಿ ಅದು ಮುಚ್ಚಿಕೊಳ್ಳುತ್ತದೆ. ಕುದಿಯುವ ನೀರು ಅಂಚು ಹಾರಿ ಆ ದಾರಿಯ ಮೇಲೆ ಬೀಳುತ್ತದೆ. ಫ್ಲೋಟಿನ ಕಾಂಟ್ಯಾಕ್ಟು ಉಲ್ಟಾ ಆಗಬೇಕು, ಮಾಮೂಲಿಗೆ ಬಿಟ್ಟುಕೊಂಡಿದ್ದು ನೀರು ತುಂಬಿದಾಗ ಕೂಡಬೇಕು. ತಿದ್ದಿದ ಹಾಳೆ ಇದರ ಜೊತೆಗೇ ಇದೆ, ಹಳೆಯದನ್ನು ಹರಿದು ಹಾಕಿಸಿ. ಮಹದೇವಸ್ವಾಮಿಯವರ ಮೇಲ್‌ಗೂ ಕಳಿಸಿದ್ದೇನೆ. ಆದರೆ ನೀವು ಓದಿದಿರೋ ಇಲ್ಲವೋ ನನಗೆ ಗೊತ್ತಾಗುವುದು ಹೇಗೆ? ಕಂಟ್ರೋಲ್ ರೂಮಿನ ಮೇಜಿನ ಮೇಲೆ ಲ್ಯಾಂಡ್‌ಲೈನ್ ಇದೆಯಲ್ಲ, ಅದರ ನಂಬರು ನನ್ನ ಹತ್ತಿರ ಇಲ್ಲ, ನೀವೇ ಅದರಿಂದ ಮಾಡಿ. ಖರ್ಚಿನ ಯೋಚನೆ ಬೇಡ, ಯಾರು ಬೈದರೂ ಬೈಯಲಿ. ಮಗು ಎದ್ದೀತು ಎಂದು ಹಿಂದೆಮುಂದೆ ನೋಡಬೇಡಿ, ಎದ್ದರೆ ಏಳಲಿ. ಫೋನು ಕೈಯಲ್ಲೇ ಹಿಡಿದು ಬಾಗಿಲಲ್ಲಿ ಕೂತಿರುತ್ತೇನೆ. ಬೆಳಗಾಗುವುದರೊಳಗೆ ಒಂದು ಸಲ ಫೋನು ಮಾಡಿ ರೀ, ನಿಮ್ಮ ದಮ್ಮಯ್ಯ.