ಕಿಂಡಿಯಾಚೆಯ ಅಣ್ಣ

ವಿನಿಪೆಗ್, ಕೆನಡಾ
ನವೆಂಬರ್ 16, ಭಾನುವಾರ ಮಧ್ಯಾಹ್ನ

ಪ್ರೀತಿಯ ಫೆರ್ಮಿನ್ ಅಣ್ಣಾ,

ಹೇಗಿದ್ದೀಯ? ಮೈ ಹುಷಾರಾಗಿದೆಯಾ? ಅಲ್ಲಿ ಮೆಕ್ಸಿಕೊದಲ್ಲಿ, ನಮ್ಮ ತ್ಲಾಸ್ಕಾಲದ ಚಳಿಗೇ ನಿನಗೆ ಎದೆ ಕಟ್ಟುತ್ತಿತ್ತು, ಈ ಊರಿನಲ್ಲಿ ಮೂಗಿನೊಳಗಿನ ಉಸಿರೂ ಹೆಪ್ಪುಗಟ್ಟುತ್ತದೆ. ಕತ್ತಿಗೆ ಏನಾದರೂ ಸುತ್ತಿಕೊಳ್ಳುತ್ತೀಯ ತಾನೇ? ನಾನು ಕ್ಷೇಮ ಎಂದು ಬರೆಯಬೇಕು. ಕಾಗದ ಹಾಗೇ ಶುರು ಮಾಡಬೇಕೆಂದು ಹಾಸ್ಟೆಲಿನ ಸಿಸ್ಟರುಗಳು ಕಲಿಸಿದ್ದರು. ಆದರೆ ಕ್ಷೇಮವಿಲ್ಲ ಅಣ್ಣಾ. ಮೊದಲ ಸೆಮಿಸ್ಟರಿನ ಟೆನ್ಷನ್‌ಗೆ ಊಟ ಸೇರುವುದಿಲ್ಲ, ಕ್ಲಾಸಿನಲ್ಲಿ ಪ್ರೊಫೆಸರ್ ನನ್ನ ಕಡೆ ನೋಡಿದರೆ ಗೊತ್ತಿರುವ ಇಂಗ್ಲಿಷೂ ಮರೆತುಹೋಗುತ್ತದೆ. ಅದು ಬಿಡು. ನೀನು ಕೆಲಸ ಮಾಡುವ ಈ ಟಾಕೊ ಹೋಟೆಲಿನಲ್ಲೇ, ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ಅಡುಗೆಮನೆಯ ಕಿಂಡಿಯ ಆಚೆ ಇದ್ದೀಯ. ಇಲ್ಲ ಅನ್ನಬೇಡ.

ಮೊದಲು ಅಮ್ಮನ ವಿಷಯ. ಅವಳ ಹೃದಯದ ಕವಾಟ ಕೆಟ್ಟಿದೆ. ಇವತ್ತು ಸಂಜೆ ಪ್ಯೂಬ್ಲಾದ ಆಸ್ಪತ್ರೆಗೆ ಸೇರಬೇಕು, ನಾಳೆ ಬೆಳಗ್ಗೆ ಆಪರೇಷನ್. ಹಿಂದೆ ಎರಡು ಸಲ ಆಸ್ಪತ್ರೆಯ ಬಾಗಿಲವರೆಗೂ ಹೋಗಿ ವಾಪಸ್ ಬಂದಿದ್ದಾಳೆ. "ಫೆರ್ಮಿನ್ ದನಿ ಕೇಳ್ದೆ ನಾನು ಆ ಮಂಚ ಹತ್ತೋದಿಲ್ಲ ಕಣೇ. ಹತ್ತಿ, ಹಾಗೇ ಹೋಗ್ಬಿಟ್ರೆ? ಮೇಲೆ ನಿಮ್ಮಪ್ಪ ಕೇಳ್ತಾನೆ, ಮಗ ಹೇಗಿದ್ದಾನೆ ಅಂತ. ಏನು ಹೇಳ್ಲಿ?" ಅನ್ನುತ್ತಾಳೆ. ಡಾಕ್ಟರು ಕೈ ಮುಗಿದು ಹೇಳಿದರಂತೆ, "ಇನ್ನೊಂದು ಸಲ ವಾಪಸ್ ಹೋದ್ರೆ ನೀವು ಮತ್ತೆ ನನ್ನ ಹತ್ರ ಬರೋ ಹಾಗೇ ಇರೋದಿಲ್ಲಮ್ಮ" ಅಂತ. ಅದಕ್ಕೆ ಅಮ್ಮ, "ಹಾಗಾದ್ರೆ ನೀನೇ ಹುಡುಕ್ಕೊಡಪ್ಪ ನನ್ನ ಮಗನ್ನ" ಅಂದಳಂತೆ. ಅವಳ ಹಟ ನಿನಗೆ ಗೊತ್ತು, ನಿನಗೆ ಬಂದಿರುವುದೂ ಅದೇ.

ಅಪ್ಪ ಹೋದಾಗ ನೀನು ಯಾಕೆ ಬರಲಿಲ್ಲವೆಂದು ನನಗೆ ಆಗ ಅರ್ಥವಾಗಿರಲಿಲ್ಲ. ಈಗ ಆಗಿದೆ. ನಿನ್ನ ವೀಸಾ ಮುಗಿದಿತ್ತು, ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಮಣ್ಣಾದ ದಿನ ನೀನು ಫೋನ್ ಮಾಡಿದಾಗ ಎತ್ತಿದ್ದು ಹಿಲಾರಿಯೊ ಚಿಕ್ಕಪ್ಪ. "ಹೆಗಲು ಕೊಡೋಕೆ ಬಾರದ ಮಗ ನೀನು, ಈ ಮನೆಗೆ ಫೋನೂ ಮಾಡ್ಬೇಡ" ಎಂದು ಕೂಗಿದ್ದು ಅಂಗಳದಲ್ಲಿದ್ದ ನನಗೂ ಕೇಳಿಸಿತ್ತು. ಅವತ್ತಿನಿಂದ ನೀನು ಫೋನ್ ಮಾಡಿಲ್ಲ, ನಂಬರೂ ಬದಲಾಯಿಸಿದೆ. ನಿನಗೆ ಗೊತ್ತಿಲ್ಲದ್ದು ಏನೆಂದರೆ, ಅವತ್ತಿನಿಂದ ಅಮ್ಮ ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಎದುರಿಗೆ ಬಂದರೆ ಬೀದಿ ದಾಟುತ್ತಾಳೆ. ನಿನ್ನ ಮೇಲೆ ಅವಳಿಗೆ ಸಿಟ್ಟೇ ಇಲ್ಲ ಅಣ್ಣಾ, ಸಿಟ್ಟಿದ್ದರೆ ನನಗಾದರೂ ಸ್ವಲ್ಪ ಸುಲಭವಾಗುತ್ತಿತ್ತು. ಬೇರೆ ಒಳ್ಳೆಯ ಕಾಲೇಜು ಸಿಕ್ಕಿದ್ದರೂ ನಾನು ಈ ಹಿಮದ ಊರಿಗೆ ಬಂದದ್ದು ಯಾಕೆ ಅಂದುಕೊಂಡೆ? ನಿನ್ನ ಆ ಕೊನೆಯ ಫೋನು ಇಲ್ಲಿಂದ ಬಂದಿತ್ತು.

ಬಂದಾಗಿನಿಂದ ಮೆಕ್ಸಿಕನ್ ಎಂದು ಬೋರ್ಡ್ ಇರುವ ಹೋಟೆಲುಗಳನ್ನೆಲ್ಲ ಸುತ್ತಿದೆ. ಕಳೆದ ಗುರುವಾರ ಇಲ್ಲಿಗೂ ಬಂದೆ. ಗೋಡೆಯ ಮೇಲೆ ಕತ್ತೆ, ದೊಡ್ಡ ಟೋಪಿ, ಬಾಗಿಲಲ್ಲಿ ಪ್ಲಾಸ್ಟಿಕ್ ಕಳ್ಳಿ. ತಟ್ಟೆಯಲ್ಲಿ ಬಂದದ್ದು ಹಪ್ಪಳದ ಹಾಗೆ ಗಟ್ಟಿಯಾದ ರೊಟ್ಟಿ ಮಡಚಿದ ಟಾಕೊ. ಒಂದು ತುತ್ತು ಕಚ್ಚಿದ್ದೇ ಪಟ್ ಎಂದು ಒಡೆದು ಅರ್ಧ ನನ್ನ ಮಡಿಲಿಗೆ ಬಿತ್ತು. ಒಳಗೆ ಸೊಪ್ಪು, ಹಳದಿ ಚೀಸು, ಸಕ್ಕರೆ ಹಾಕಿದ ಹಾಗಿರುವ ಮಾಂಸ. ಹಾಸ್ಟೆಲಿನ ಭೇಟಿಯ ದಿನ ನೀನು ಸೈಕಲ್ಲಿನಲ್ಲಿ ಅಮ್ಮನ ಬುಟ್ಟಿ ತಂದು, ಸಿಸ್ಟರುಗಳ ಕಣ್ಣು ತಪ್ಪಿಸಿ ಗೇಟಿನ ಸರಳುಗಳ ಮಧ್ಯೆ ದಾಟಿಸುತ್ತಿದ್ದ ಮೆತ್ತನೆಯ, ಬುಟ್ಟಿಯ ಬಿಸಿಗೆ ಬೆವೆತ ಆಲೂಗಡ್ಡೆ ಟಾಕೊ ನೆನಪಾಯಿತು. ಬರೀ ಹಸಿರು ಚಟ್ನಿ ಮಾತ್ರ ನಮ್ಮದಾಗಿತ್ತು, ಕಿವಿಯೊಳಗೂ ಉರಿ ಹತ್ತಿತು. ಪಕ್ಕದ ಟೇಬಲ್ಲಿನಲ್ಲಿ ಫೋರ್ಕು ಚಾಕು ಹಿಡಿದು ಟಾಕೊ ತಿನ್ನುತ್ತಿದ್ದ ಅಜ್ಜ ನನ್ನನ್ನು ಕೇಳಿದ, "ಖಾರ ಇದೆಯಾ ಮಗೂ?" ನಮ್ಮೂರಿನವರೆಲ್ಲ ಹೇಳುವುದನ್ನೇ ಹೇಳಿದೆ: "ಅಯ್ಯೋ, ಸ್ವಲ್ಪಾನೂ ಇಲ್ಲ." ಪಾಪ, ಒಂದು ಚಮಚ ಚಟ್ನಿ ಪೂರ್ತಿ ಬಾಯಿಗೆ ಹಾಕಿಕೊಂಡು ಕೆಂಪುಕೆಂಪಾದ. ಅವನ ಹೆಂಡತಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಎದ್ದು ಹೊರಟಾಗ ಅವರ ಟೇಬಲ್ ದಾಟಬೇಕಾಯಿತು. ಉಣ್ಣುತ್ತಿರುವವರನ್ನು ಸುಮ್ಮನೆ ದಾಟಿ ಹೋಗಲು ನಮಗೆಲ್ಲಿ ಬರುತ್ತದೆ? ಗುರುತಿಲ್ಲದವರಾದರೂ ಹರಸಿಯೇ ಹೋಗಬೇಕು. ಬಾಯಿ ತಾನಾಗಿ, ನಮ್ಮ ಭಾಷೆಯಲ್ಲೇ ಅಂದುಬಿಟ್ಟಿತು: "ಉಂಡದ್ದು ಮೈಗೆ ಹತ್ಲಿ." ಅಜ್ಜ ಅಜ್ಜಿ ಇಬ್ಬರೂ ಪಿಳಿಪಿಳಿ ನೋಡಿದರು. ಆಗ ಅಡುಗೆಮನೆಯ ಕಿಂಡಿಯ ಒಳಗಿಂದ, ಪಾತ್ರೆಗಳ ಸದ್ದಿನ ಮಧ್ಯೆ, ನೀನು ಅಂದೆ: "ಹತ್ಲಿ, ಎರಡನೇ ತಟ್ಟೆಗೂ ಜಾಗ ಇರ್ಲಿ!" ಟಾಕೊ ಮಾರಲು ಬುಟ್ಟಿ ಹೊತ್ತು ಬೀದಿ ಸುತ್ತುವಾಗ ಗಿರಾಕಿಗಳಿಗೆ ನೀನೊಬ್ಬನೇ ಹಾಗೆ ಹೇಳುತ್ತಿದ್ದದ್ದು. ಇಷ್ಟು ವರ್ಷ ಅಡಗಿ ಕೂತವನು ಅಷ್ಟಕ್ಕೆ ಸಿಕ್ಕಿಬಿದ್ದೆ! ನಿನಗೂ ಆ ಕ್ಷಣವೇ ಗೊತ್ತಾಗಿರಬೇಕು, ಪಾತ್ರೆ ಸದ್ದು ನಿಂತುಹೋಯಿತು. ನಾನು ಅಡುಗೆಮನೆಯ ಕಡೆ ಓಡಿದೆ. ಬಡಿಸುವ ಫಿಲಿಪಿನೋ ಹೆಂಗಸು ಮಾರಿತೆಸ್ ಅಡ್ಡ ನಿಂತಳು. "ಒಳಗೆ ಮೆಕ್ಸಿಕೊದವ್ರು ಯಾರೂ ಇಲ್ಲ ಕಣಮ್ಮ. ಇರೋನು ಪೆರು ದೇಶದವ್ನು, ಟೋನಿ ಅಂತ."

"ಹಾಗಾದ್ರೆ ಆ ಪೆರುವಿನ ಟೋನಿ ಹೊರಗೆ ಬಂದು ಇನ್ನೊಂದ್ಸಲ ಹೇಳ್ಲಿ!" ಎಂದು ಕಿರುಚಿದೆ. ಎಲ್ಲರೂ ತಿನ್ನುವುದು ಬಿಟ್ಟು ನನ್ನನ್ನೇ ನೋಡಿದರು. ಅಷ್ಟರಲ್ಲಿ ಹಿಂಬಾಗಿಲು ಬಡಿದ ಸದ್ದು. ಗಲ್ಲಿಗೆ ಸುತ್ತಿಕೊಂಡು ಹೋಗುವಷ್ಟರಲ್ಲಿ ಹಿಮದ ಮೇಲೆ ನಿನ್ನ ಬೂಟಿನ ಗುರುತು ಮಾತ್ರ ಇತ್ತು. ಕೋಟೂ ಹಾಕಿಕೊಳ್ಳದೆ ಓಡಿದೆಯಂತೆ. ಮಾರಿತೆಸ್ ಆಮೇಲೆ ತಾನೇ ಬಂದು ಹೇಳಿದಳು, "ಅವ್ನು ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದ, ತಪ್ಪು ತಿಳ್ಕೋಬೇಡ. ಭಾನುವಾರ ಬಾ, ಅವತ್ತು ಅವ್ನ ಪಾಳಿ ಇರುತ್ತೆ."

ಅದಕ್ಕೇ ಇವತ್ತು ಬಂದಿದ್ದೇನೆ, ನುಗ್ಗುವುದಿಲ್ಲ. ನುಗ್ಗಿದರೆ ನೀನು ಮತ್ತೆ ಓಡುತ್ತೀಯ. ಈ ಕಾಗದವನ್ನು ಅವಳ ಕೈಲಿ ಒಳಗೆ ಕಳಿಸುತ್ತೇನೆ. ನೀನು ದೊಡ್ಡ ಹೋಟೆಲಿನ ಮುಖ್ಯ ಅಡುಗೆಯವನಾಗಿಲ್ಲ, ಪಾತ್ರೆ ತೊಳೆಯುತ್ತೀಯ ಎಂದು ನಾಚಿಕೆಯಾ? ಯಾರಿಗೂ ಹೇಳುವುದಿಲ್ಲ. ಪೆರುವಿನ ಟೋನಿಯಾಗಿಯೇ ಇರು. ಮನೆಗೆ ಬಾ ಎಂದೂ ಕೇಳುವುದಿಲ್ಲ. ಅಮ್ಮನಿಗೆ ಫೋನ್ ಮಾಡು, ಅಷ್ಟೇ, ಇವತ್ತು, ಸಂಜೆಯೊಳಗೆ. ಪ್ಲೀಸ್ ಅಣ್ಣಾ. ನನ್ನ ಕೈಲಿ ಅವಳನ್ನು ಒಪ್ಪಿಸಲು ಆಗುತ್ತಿಲ್ಲ. ಅಳುತ್ತೇನೆ, ಬೈಯುತ್ತೇನೆ, ಫೋನ್ ಇಟ್ಟುಬಿಡುತ್ತೇನೆ, ಆಮೇಲೆ ಇಟ್ಟೆನಲ್ಲ ಎಂದು ಮತ್ತೆ ನಾನೇ ಮಾಡುತ್ತೇನೆ. ಅಪ್ಪ ಹೋದಾಗ ನನ್ನ ಹತ್ತಿರ ಅಮ್ಮ ಇದ್ದಳು. ಅಮ್ಮನಿಗೇನಾದರೂ ಆದರೆ ನನ್ನ ಹತ್ತಿರ ಯಾರಿದ್ದಾರೆ?

ದೇವಮಾತೆ ನಿನ್ನನ್ನು ಕಾಯಲಿ. ಕೈ ಬಿಸಿನೀರಿನಲ್ಲಿ ಬೆಂದು ಬಿರಿದಿದ್ದರೆ ಎಣ್ಣೆ ಹಚ್ಚಿಕೋ. ಮಾರಿತೆಸ್‌ಗೆ ನನ್ನ ಕಡೆಯಿಂದ ಒಂದು ಥ್ಯಾಂಕ್ಸ್ ಹೇಳು, ಕಿರುಚಿದ್ದಕ್ಕೆ ಸಾರಿ ಕೂಡ.

ನಿನ್ನ ತಂಗಿ,
ಯಾರೆಟ್ಸಿ

ತಾ.ಕ.: ಮೊದಲು ಇದು ಕಣ್ಣಿಗೆ ಬೀಳಲೆಂದು ಕವರಿನ ಮೇಲೆಯೇ ಬರೆಯುತ್ತಿದ್ದೇನೆ. ಈಗಷ್ಟೇ ಅಮ್ಮನ ಫೋನ್ ಬಂತು. ಆಸ್ಪತ್ರೆಗೆ ಹೋಗುವ ವ್ಯಾನು ಬಾಗಿಲಲ್ಲಿ ನಿಂತಿದೆ, ಅವಳು ಹತ್ತುತ್ತಿಲ್ಲ. "ಸಿಕ್ಕಿದ್ನೇನೇ?" ಅಂದಳು. ಗಾಬರಿಯಲ್ಲಿ "ಸಿಕ್ಕಿದ ಅಮ್ಮಾ, ಎದುರಿಗೇ ಕೂತಿದ್ದಾನೆ, ಬಾಯಿ ತುಂಬ ತುತ್ತಿದೆ" ಅಂದುಬಿಟ್ಟೆ. ಅಮ್ಮ ನಕ್ಕಳು ಅಣ್ಣಾ. "ನಿಧಾನಕ್ಕೆ ನುಂಗ್ಲಿ ಬಿಡೇ, ಅವಸರ ಮಾಡ್ಬೇಡ. ನಾನು ಫೋನ್ ಇಡೋದಿಲ್ಲ, ಕಾಯ್ತೀನಿ" ಅಂದಳು. ಇಟ್ಟಿಲ್ಲ. ಅವಳ ಉಸಿರು ಕೇಳಿಸುತ್ತಿದೆ, ವ್ಯಾನಿನ ಹಾರ್ನೂ ಕೇಳಿಸುತ್ತಿದೆ. ಫೋನನ್ನೂ ಈ ಕವರಿನ ಜೊತೆಗೇ ಒಳಗೆ ಕಳಿಸುತ್ತಿದ್ದೇನೆ. ಕಾಗದ ಆಮೇಲೆ ಓದು. ಕೈ ಒದ್ದೆಯಿದ್ದರೂ ಪರವಾಗಿಲ್ಲ, ಎತ್ತಿಕೋ. "ಅಮ್ಮಾ" ಅಂದರೂ ಸಾಕು.